ಅಂಗಾರಣ್ಣನ ಕಿಟಕಿಗೆ ಶಟರ್

ಕಿಟಕಿಗೊಂದು ಶಟರ್ ಆರಿಸುವುದು ಅಷ್ಟೇನೂ ದೊಡ್ಡ ಕೆಲಸವಲ್ಲ ಎಂದು ನೀವು ಹೇಳುವುದಾದರೆ, ಮುಂಬಯಿಯ ಬೈಕುಲ್ಲಾದ ನಮ್ಮ ಚಾಳಿನಲ್ಲಿ ನೀವು ಒಂದು ದಿನವೂ ಇದ್ದವರಲ್ಲ. ನಮ್ಮಲ್ಲಿ ಮನೆಗೊಂದು ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲ ಪಕ್ಕ ಒಂದು ಕಿಟಕಿ. ಆ ಕಿಟಕಿ ತೆರೆಯುವುದು ಎಲ್ಲರೂ ಓಡಾಡುವ ಗ್ಯಾಲರಿಗೆ. ಹಗಲು ಹೊತ್ತಿನಲ್ಲಿ ಅದನ್ನು ಯಾರೂ ಮುಚ್ಚುವುದಿಲ್ಲ. ಮುಚ್ಚಬಾರದೆಂದು ಯಾರೂ ಹೇಳಿಲ್ಲ. ಆದರೆ ಮುಚ್ಚಿದರೆ ಮೊದಲು ಪಕ್ಕದವರು ಬಾಗಿಲು ಬಡಿಯುತ್ತಾರೆ, ಆಮೇಲೆ ಎದುರು ಸಾಲಿನವರು ಬರುತ್ತಾರೆ, ಕೊನೆಗೆ ಯಾರಾದರೊಬ್ಬರು ಡಾಕ್ಟರನ್ನೇ ಕರೆತರುತ್ತಾರೆ. ಸಾಂಬಾರಿನ ಬಟ್ಟಲು, ಒಗ್ಗರಣೆಗೆ ಕಮ್ಮಿಬಿದ್ದ ಕರಿಬೇವು, ಅಳುವ ಮಗು, ಆಚೆ ಮನೆಯ ಸುದ್ದಿ ಎಲ್ಲವೂ ನಮ್ಮಲ್ಲಿ ಕಿಟಕಿಯಿಂದಲೇ ದಾಟುತ್ತವೆ. ಈ ಕಥೆಯಲ್ಲಿ ಮನೆಯೊಳಗೆ ಆಡಿದ ಮಾತುಗಳು ನನಗೆ ಹೇಗೆ ಗೊತ್ತು ಎಂದು ದಯವಿಟ್ಟು ಕೇಳಬೇಡಿ. ನಾನಿರುವುದು ಎರಡು ಕೋಣೆ ಆಚೆ, ಕಿಟಕಿ ತೆರೆದೇ ಇತ್ತು.

ಅಂಗಾರಣ್ಣ ಪರೇಲಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು. ಬೆಳಗಿನಿಂದ ರಾತ್ರಿಯವರೆಗೆ ಊರವರಿಗೆಲ್ಲ ಏನು ಬೇಕು ಎಂದು ಕೇಳುವ ಈ ಮನುಷ್ಯನಿಗೆ ತನಗೇನು ಬೇಕೆಂದು ಒಮ್ಮೆಯೂ ಗೊತ್ತಾದದ್ದಿಲ್ಲ. ಅಂಗಿಯ ಬಣ್ಣವನ್ನು ಹೆಂಡತಿ ವಸಂತಿ ಆರಿಸುತ್ತಾರೆ, ಚಪ್ಪಲಿಯನ್ನು ಅಂಗಡಿಯವನು ಆರಿಸುತ್ತಾನೆ. ಆದರೆ ಚಿಂತೆ ಮಾಡುವುದರಲ್ಲಿ ಮಾತ್ರ ಅವರು ಯಾರ ಸಹಾಯವನ್ನೂ ಕೇಳಿದವರಲ್ಲ. ಒಬ್ಬಳೇ ಮಗಳು ಲಾವಣ್ಯಾಳಿಗೆ ಪವಾಯಿಯ ಕಂಪನಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಸಿಕ್ಕಿದ ಮೇಲಂತೂ ಚಿಂತೆಗೆ ರಜೆಯೇ ಇಲ್ಲದಂತಾಯಿತು. ಅವಳು ಬೆಳಿಗ್ಗೆ ಬಂದು, ಕಿಟಕಿಯ ಕೆಳಗಿನ ಮಂಚದಲ್ಲಿ ಮಲಗಿ, ಸಂಜೆ ಎದ್ದು, ರಾತ್ರಿ ಕಂಪನಿಯ ಕಾರು ಹತ್ತಿ ಹೋಗುತ್ತಾಳೆ. ಮಲಗುತ್ತಾಳೆ ಎಂದೆನಲ್ಲ, ಅಲ್ಲೇ ತಾಪತ್ರಯ.

ಒಂದು ದಿನ ಅವಳು ವಿದೇಶಿ ಸಾಹೇಬರ ಜೊತೆ ಫೋನಿನಲ್ಲಿ ಮಾತಾಡುತ್ತಲೇ ನಿದ್ದೆ ಹೋದಳಂತೆ. ಮನೆಗೆ ಬಂದವಳು ಬ್ಯಾಗನ್ನು ಮಂಚಕ್ಕೆಸೆದು ಅಮ್ಮನಿಗೆ ಹೇಳಿದಳು:

"ಮಮ್ಮಿ, ನನಗೆ ಆಗುದಿಲ್ಲ ಇನ್ನು. ಪವಾಯಿಯಲ್ಲಿ ಫ್ರೆಂಡಿನ ಪೀಜಿಯಲ್ಲಿ ಒಂದು ಬೆಡ್ ಖಾಲಿ ಉಂಟು. ಸಾಟರ್ಡೆ ಒಳಗೆ ಹೇಳ್ಬೇಕು. ಇಲ್ಲಿ ನಿದ್ದೆ ಸಿಕ್ಕಿದ್ರೆ ಓಕೆ, ಇಲ್ಲದಿದ್ರೆ ನಾನು ಹೋಗ್ತೇನೆ."

ಮಧ್ಯಾಹ್ನ ಹೋಟೆಲಿನ ಬಿಡುವಿನಲ್ಲಿ ಮನೆಗೆ ಬಂದ ಅಂಗಾರಣ್ಣ ಈ ಸುದ್ದಿ ಕೇಳಿ, ಕೈಯಲ್ಲಿದ್ದ ನೀರಿನ ಲೋಟವನ್ನು ಕುಡಿಯದೆ ಹಾಗೆಯೇ ಕೆಳಗಿಟ್ಟರು. "ಈ ಗ್ಯಾಲರಿಯ ಗಲಾಟೆ! ಕಿಟಕಿಗೆ ಒಂದು ಗಟ್ಟಿ ಶಟರ್ ಹಾಕಿದ್ರೆ ಎಲ್ಲ ಸರಿ ಆಗ್ತದೆ" ಎಂದರು.

"ಗಲಾಟೆಗೆ ಏಳುದಾ ಅಂತ ಅವಳತ್ರ ಕೇಳಿದ್ರಾ?" ಎಂದರು ವಸಂತಿ.

"ಕೇಳ್ಲಿಕ್ಕೆ ಅವಳು ಎಚ್ಚರ ಇರ್ಬೇಕಲ್ಲ ಮಾರಾಯ್ತಿ!"

ಅವರ ಕಿಟಕಿಗೆ ಬಾಗಿಲುಗಳಿದ್ದ ಕಾಲವೊಂದಿತ್ತು. ಅವುಗಳಲ್ಲಿ ಒಂದು ಮಳೆಗೆ ಉಬ್ಬಿ ಕಳಚಿತು, ಇನ್ನೊಂದರ ಮೇಲೆ ವಸಂತಿ ಹಪ್ಪಳ ಒಣಗಿಸುತ್ತಾರೆ. ಸರಳುಗಳನ್ನು ಮದುವೆಯ ಕಪಾಟು ಒಳಗೆ ತರಲಿಕ್ಕೆಂದು ಕಿತ್ತದ್ದು, ಮತ್ತೆ ಹಾಕಿಸಲಿಲ್ಲ. ಈಗ ಅಲ್ಲಿರುವುದು ಒಂದು ಹೂವಿನ ಪರದೆ ಮಾತ್ರ.

ಬೈಕುಲ್ಲಾದಲ್ಲೇ ಗದಗಿನ ಕಡೆಯ ಶಾಹೀದನ ಶಟರಿನ ಕಾರ್ಖಾನೆ ಇದೆ. ಕಾರ್ಖಾನೆ ಎಂದರೆ ಇಬ್ಬರು ನಿಂತರೆ ಮೂರನೆಯವನು ರಸ್ತೆಯಲ್ಲಿ ನಿಲ್ಲಬೇಕಾದ ಜಾಗ. ಶಾಹೀದನಿಗೆ ಬಾಯಿ ಮುಂದೆ, ಕೈ ಹಿಂದೆ.

"ಬರ್ರಿ ಅಣ್ಣಾರ! ಯಾ ನಮೂನಿ ಬೇಕ್ರಿ? ಸರಕಸೂದು ಐತಿ, ಮಡಚೂದು ಐತಿ, ಮ್ಯಾಲಕ್ಕ ಸುತ್ತೂದು ಐತಿ. ಪೂರಾ ಹಲಗೀದು ಐತಿ, ಪಟ್ಟಿ ಪಟ್ಟೀದೂ ಐತಿ, ಪಟ್ಟಿ ಎತ್ತಿದ್ರ ಗಾಳಿ, ಇಳಿಸಿದ್ರ ಕತ್ತಲಿ."

"ನೋಡಿ ಶಾಹೀದ್ ಭಾಯ್, ಶಬ್ದ ಒಳಗೆ ಬರ್ಬಾರದು. ಬೆಳಕೂ ಬರ್ಬಾರದು. ಗಾಳಿ ಬರ್ಬೇಕು. ಮುಚ್ಚಿದ್ರೆ ಸರಿಯಾಗಿ ಮುಚ್ಬೇಕು. ಆದ್ರೆ ಹೊರಗೆ ನಿಂತವರಿಗೆ ಮುಚ್ಚಿದ ಹಾಗೆ ಕಾಣ್ಬಾರದು."

ಶಾಹೀದ ಕೈಯಲ್ಲಿದ್ದ ಪಟ್ಟಿಯನ್ನು ಕೆಳಗಿಟ್ಟ. "ಅಣ್ಣಾರ, ಇದು ಶಟರ್ ಅಲ್ರಿ, ಜಾದೂ ಆತು. ಜಾದೂ ನನಗ ಬರತಿದ್ರ ನಾ ಇಲ್ಲ್ಯಾಕ ಕೂಡತಿದ್ದೆ?"

ಹಲಗೆಯದೋ ಪಟ್ಟಿಯದೋ ಎಂದು ಅಂಗಾರಣ್ಣ ಹೋದರು, ಬಂದರು, ಬೀದಿಯ ತಿರುವಿನವರೆಗೆ ಹೋಗಿ ಮತ್ತೆ ಬಂದರು. ಕೊನೆಗೆ ಶಾಹೀದನೇ ಬೇಸತ್ತು, "ಎರಡೂ ತಂದು ಹಚ್ಚಿ ತೋರಸ್ತೀನಿ, ಮೊದಲ ಅಳತಿ ಕೊಡ್ರಿ" ಎಂದ.

ಅನಾಹುತ ಶುರುವಾದದ್ದು ಈ ಅಳತೆಯಿಂದ. ಮುಂಬಯಿಯ ಹಳೆಯ ಚಾಳಿನವರ ಪಾಲಿಗೆ ಗೋಡೆಯ ಅಳತೆ ತೆಗೆಯುವವನೆಂದರೆ ಒಬ್ಬನೇ, ಬಿಲ್ಡರಿನ ಕಡೆಯವನು. ಹಳೆ ಚಾಳು ಕೆಡವಿ ಟವರ್ ಕಟ್ಟುತ್ತೇನೆಂದು ಹೇಳಿ ಯಾರೋ ಒಬ್ಬರ ಸಹಿಯನ್ನು ಗುಟ್ಟಾಗಿ ಹಾಕಿಸಿಕೊಳ್ಳುತ್ತಾನೆ, ಆಮೇಲೆ ಉಳಿದವರು ಬೀದಿಯಲ್ಲಿ ನಿಲ್ಲುತ್ತಾರೆ ಎಂಬ ಭಯ ನಮ್ಮೆಲ್ಲರಿಗೂ ಇದೆ. ಅಂಥ ಚಾಳಿನ ಗ್ಯಾಲರಿಯಲ್ಲಿ ಶಾಹೀದ ಕೆಂಪು ಬೆಳಕು ಬಿಡುವ ಅಳತೆಯ ಯಂತ್ರ ಹಿಡಿದು ನಿಂತ. ಆ ಕೆಂಪು ಚುಕ್ಕೆ ಕಿಟಕಿಯ ಚೌಕಟ್ಟಿನಿಂದ ಜಾರಿ ಪಕ್ಕದ ಮನೆಯ ವಿನೋದಿನಿಯ ಬಾಗಿಲ ಮೇಲೆ ಬಿತ್ತು. ತೆಂಗಿನಕಾಯಿ ತುರಿಯುತ್ತಿದ್ದ ವಿನೋದಿನಿ ಹಾಗೆಯೇ ಎದ್ದು ಬಂದರು.

"ಎಂತ ಅಂಗಾರಣ್ಣ, ಎಂತದ್ದು ಅಳತೆ?"

ನಿಮ್ಮ ಮಿಕ್ಸಿಯ ಶಬ್ದ ಕೇಳದ ಹಾಗೆ ಕಿಟಕಿ ಮುಚ್ಚುತ್ತಿದ್ದೇವೆ ಎಂದು ನೆರೆಯವರ ಮುಖಕ್ಕೆ ಹೇಳುವ ಧೈರ್ಯ ಅಂಗಾರಣ್ಣನ ವಂಶದಲ್ಲೇ ಯಾರಿಗೂ ಇರಲಿಲ್ಲ. "ಎಂತ ಇಲ್ಲ ವಿನೋದಿನಿ... ಗೋಡೆ. ಸುಮ್ನೆ ಗೋಡೆ ನೋಡ್ತಿದ್ದಾರೆ" ಎಂದುಬಿಟ್ಟರು.

ಅದೇ ಹೊತ್ತಿಗೆ ಶಾಹೀದ ಚೌಕಟ್ಟನ್ನು ಬೆರಳಿನಿಂದ ಬಡಿದು ತಲೆಯಾಡಿಸಿದ. "ಒಳಗ ಪೂರಾ ಟೊಳ್ಳಾಗೇತ್ರಿ. ಕಿತ್ತ ಒಗೀಬೇಕು."

"ಪೂರ್ತಿಯಾ?" ಎಂದರು ವಿನೋದಿನಿ.

"ಪೂರ್ತೀರಿ ಅಕ್ಕಾರ. ಅರ್ಧ ಬಿಟ್ರ ಬಾಜೂದೂ ಬೀಳತೈತಿ."

ತುರಿದ ತೆಂಗಿನಕಾಯಿ ಆ ದಿನ ಸಾರಿಗೆ ಬೀಳಲಿಲ್ಲ. ಸಂಜೆಯೊಳಗೆ ಅಂಗಾರಣ್ಣ ಬಿಲ್ಡರಿಗೆ ಸಹಿ ಹಾಕಿಕೊಟ್ಟದ್ದು ಕೆಳಗಿನ ಇಸ್ತ್ರಿಯವನಿಗೂ ಗೊತ್ತಾಯಿತು. ಲಾವಣ್ಯಾ ಅಮ್ಮನ ಹತ್ತಿರ ಪವಾಯಿ ಎಂಬ ಮಾತು ಎತ್ತಿದ್ದನ್ನು ಕೇಳಿಸಿಕೊಂಡಿದ್ದವರು ಅದನ್ನು ಇದಕ್ಕೆ ಸೇರಿಸಿದರು. ಸಹಿಗೆ ಬದಲಾಗಿ ಪವಾಯಿಯಲ್ಲಿ ಫ್ಲ್ಯಾಟ್ ಎಂದಾಯಿತು. ಮಾರನೆಯ ದಿನ ಆ ಫ್ಲ್ಯಾಟಿನಿಂದ ಕೆರೆ ಕಾಣತೊಡಗಿತು. ನಾನು ಕೊಂಚ ತಡವಾಗಿ ಕೇಳಿದ್ದರಿಂದ ನನ್ನ ಪಾಲಿಗೆ ಬಂದಾಗ ಅದಕ್ಕೆ ಎರಡು ಬಾಲ್ಕನಿಗಳೂ ಇದ್ದವು.

ನಮ್ಮ ಚಾಳಿನ ಕಮಿಟಿಯ ಸೆಕ್ರೆಟರಿ ಸಿದ್ದಲಿಂಗಪ್ಪ, ವಿಜಯಪುರದ ಕಡೆಯವರು. ಇಡೀ ಚಾಳು ತನ್ನ ಹೆಗಲ ಮೇಲೆ ನಿಂತಿದೆ ಎಂದು ನಂಬಿದವರು. ಅವರು ಪರೇಲಿಗೇ ಹೋಗಿ, ಹೋಟೆಲಿನಲ್ಲಿ ಜನ ತುಂಬಿರುವ ಹೊತ್ತಿನಲ್ಲಿ ಗಲ್ಲಾದ ಮುಂದೆ ನಿಂತರು.

"ಅಂಗಾರಣ್ಣಾರ, ಖರೇ ಹೇಳ್ರಿ. ನಿಮ್ಮನಿ ಅಳತಿ ಆತಂತಲ್ಲ?"

ಅಂಗಾರಣ್ಣ ಗಾಬರಿಯಲ್ಲಿ, ಊಟ ಮುಗಿಸಿ ಚಿಲ್ಲರೆಗೆ ಕೈಚಾಚಿದ್ದ ಗಿರಾಕಿಗೆ ಬಡೆಸೋಪಿನ ಬಟ್ಟಲನ್ನೇ ಕೊಟ್ಟರು. "ಅದು ಸಣ್ಣ ವಿಷಯ ಸಿದ್ದಲಿಂಗಪ್ಪನವರೇ. ದೊಡ್ಡದು ಮಾಡ್ಬೇಡಿ."

"ಪವಾಯಿಗೆ ಹೊಂಟೀರೇನು?"

"ಅಯ್ಯೋ, ಇಲ್ಲ! ಹೋಗ್ಬಾರದು ಅಂತಲೇ ಇದೆಲ್ಲ ಮಾಡುದು."

"ಯಾರು ಹೋಗಬಾರದು?"

"ಮಗಳು."

"ಅಂದ್ರ ಫ್ಲ್ಯಾಟು ಮಗಳ ಹೆಸರೀಲೆ ಐತಿ" ಎಂದು ಸಿದ್ದಲಿಂಗಪ್ಪ ಗಂಭೀರವಾಗಿ ತಲೆಯಾಡಿಸಿದರು. "ನಾ ಅಂದಕೊಂಡಿದ್ದೆ." ಬಡೆಸೋಪಿನ ಬಟ್ಟಲು ಹಿಡಿದ ಗಿರಾಕಿ ಇಬ್ಬರನ್ನೂ ನೋಡುತ್ತ ನಿಂತಿದ್ದ. ಅವನಿಗೂ ಫ್ಲ್ಯಾಟಿನ ವಿಷಯದಲ್ಲಿ ಆಸಕ್ತಿ ಹುಟ್ಟಿತ್ತು.

ಶನಿವಾರ ಬಂತು. ಲಾವಣ್ಯಾ ಗೆಳತಿಗೆ ಉತ್ತರ ಕೊಡಬೇಕಾದ ದಿನ. ಅವತ್ತು ಮಧ್ಯಾಹ್ನವೇ ಶಾಹೀದ ಶಟರು ತರುವವನಿದ್ದ. ಸಂಜೆ ಅವಳು ಏಳುವುದರೊಳಗೆ ಕಿಟಕಿ ಭದ್ರವಾಗಿ ಮುಚ್ಚಿರಬೇಕು, ಅದನ್ನು ನೋಡಿ ಅವಳು ಮನಸ್ಸು ಬದಲಾಯಿಸಬೇಕು. ಅಂಗಾರಣ್ಣ ಗಾಬರಿಯಿಂದ ಊಟವನ್ನೂ ಮಾಡದೆ ಓಡಿಬಂದರೆ, ಗ್ಯಾಲರಿಯಲ್ಲಿ ಕಾಲಿಡಲು ಜಾಗವಿಲ್ಲ. ಸಿದ್ದಲಿಂಗಪ್ಪ ಅವರ ಕಿಟಕಿಯ ಎದುರಿಗೇ ಮೀಟಿಂಗ್ ಕರೆದಿದ್ದರು. ಸಾಲದ್ದಕ್ಕೆ ಫ್ಲ್ಯಾಟಿನ ಸುದ್ದಿ ಕೇಳಿ ಪವಾಯಿಯಿಂದ ವಸಂತಿಯ ಅಣ್ಣ ಚೆನ್ನಯ ಬಂದು ನಿಂತಿದ್ದರು. ಅಭಿನಂದಿಸಬೇಕೋ ಜಗಳ ಕಾಯಬೇಕೋ ಗೊತ್ತಾಗದೆ ಅವರು ಎರಡಕ್ಕೂ ತಯಾರಾಗಿ ಬಂದಿದ್ದರು. ಕೈಯಲ್ಲಿ ಸ್ವೀಟಿನ ಡಬ್ಬಿ, ಮುಖದಲ್ಲಿ ಸಿಡುಕು.

"ಭಾವ, ನಾನು ಪವಾಯಿಯಲ್ಲಿ ಸತ್ತು ಹೋಗಿದ್ದೇನಾ? ಅಲ್ಲಿ ಮನೆ ತಗೊಳ್ಳುವಾಗ ನನಗೆ ಒಂದು ಮಾತು ಹೇಳ್ಲಿಕ್ಕೆ ಇಲ್ವಾ?"

"ಮೆಲ್ಲ, ಮೆಲ್ಲ! ಪ್ಲೀಸ್, ಮೆಲ್ಲ ಮಾತಾಡಿ" ಎಂದು ಅಂಗಾರಣ್ಣ ತುಟಿಗೆ ಬೆರಳಿಟ್ಟರು. ಪರದೆಯ ಆಚೆ ಮಗಳು ಮಲಗಿದ್ದಳು.

"ನೋಡ್ರಿ ಎಲ್ಲಾರೂ!" ಎಂದು ಸಿದ್ದಲಿಂಗಪ್ಪ ಗುಡುಗಿದರು. "ಈಗೂ ಮೆಲ್ಲಕ ಅಂತಾರ. ಮುಚ್ಚಿಡೂದು ಏನೂ ಇಲ್ಲಂದ್ರ ಮೆಲ್ಲಕ ಯಾಕ?"

ಇದೇ ಗಳಿಗೆಯಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ತಲೆಯ ಮೇಲೊಂದು, ಕಂಕುಳಲ್ಲೊಂದು ಶಟರು ಹೊತ್ತ ಶಾಹೀದ ಕಾಣಿಸಿಕೊಂಡ. "ಅಣ್ಣಾರ, ಎರಡೂ ತಂದೀನ್ರಿ!"

"ಇವನೇ! ಬಿಲ್ಡರಿನ ಜನ ಇವನೇ!" ಎಂದು ವಿನೋದಿನಿ ದಾರಿಗೆ ಅಡ್ಡ ನಿಂತರು.

"ನಾ ಯಾವ ಬಿಲ್ಡರೂ ಅಲ್ರಿ ಅಕ್ಕಾರ, ನಾ ಶಟರ್ ಶಾಹೀದ. ಈ ಅಣ್ಣಾರಿಗೆ ಹೊರಗಿನ ಆವಾಜು ಒಳಗ ಬರದಂಥ ಕಿಟಕಿ ಬೇಕಂತ."

ಬಿಲ್ಡರ್ ಇಲ್ಲವೆಂದು ನಾವೆಲ್ಲ ಉಸಿರು ಬಿಡಬೇಕಾಗಿತ್ತು. ಬಿಡಲಿಲ್ಲ. ಬಿಲ್ಡರ್ ಆಗಿದ್ದರೆ ಕೋರ್ಟಿಗೆ ಹೋಗಬಹುದು, ಕಿಟಕಿ ಮುಚ್ಚುವವನ ಮೇಲೆ ಯಾವ ಕೋರ್ಟಿಗೆ ಹೋಗುವುದು?

"ಹೊರಗಿನ ಆವಾಜು ಅಂದ್ರೆ ನಾವಾ?" ಎಂದರು ವಿನೋದಿನಿ. ಈ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ನಿಮ್ಮ ಲಾವಣ್ಯಾನನ್ನು ಇದೇ ಕಿಟಕಿಯಿಂದ ಎತ್ತಿಕೊಂಡು ಊಟ ಮಾಡಿಸಿದವಳು ನಾನು. ಒಂದು ಮಾತು ಹೇಳಿದ್ರೆ ನಾನು ಬಾಯಿ ಮುಚ್ತಿದ್ದೆ ಅಂಗಾರಣ್ಣ, ಕಿಟಕಿ ಮುಚ್ಬೇಕಿತ್ತಾ?"

ಅಂಗಾರಣ್ಣ ಕಣ್ಣೀರಾದರು. "ಮಗಳಿಗೆ ನಿದ್ರೆ ಇಲ್ಲ ವಿನೋದಿನಿ. ನಿದ್ರೆ ಇಲ್ಲದಿದ್ರೆ ಅವಳು ಮನೆ ಬಿಟ್ಟು ಪೀಜಿಗೆ ಹೋಗ್ತಾಳೆ. ಇವತ್ತೇ ಕೊನೆ ದಿನ. ನಿಮ್ಮ ಮಿಕ್ಸಿ, ಇವರ ಫೋನು... ಹೇಗೆ ಹೇಳುದು ನಾನು?"

ಸತ್ಯ ಹೊರಬಿದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವುದನ್ನು ನಂಬಬೇಡಿ.

"ಫೋನಂದ್ರ ನನಗ ಅಂದ್ರಿ?" ಎಂದು ಸಿದ್ದಲಿಂಗಪ್ಪ ಮುಂದೆ ಬಂದರು. "ನಮ್ಮ ತಮ್ಮ ವಿಜಯಪುರದಾಗ ಇರತಾನ, ಗಟ್ಟಿ ಮಾತಾಡದಿದ್ರ ಅವಗ ಹೆಂಗ ಕೇಳಬೇಕು? ಮಿಕ್ಸೀದು ಹೇಳ್ರಿ, ಗ್ವಾಡಿ ನಡಗತೈತಿ!"

"ನನ್ನ ಮಿಕ್ಸಿ ಒಂದು ನಿಮಿಷ, ನಿಮ್ಮ ತಮ್ಮ ಒಂದು ಗಂಟೆ!"

"ಅವರಿಬ್ಬರನ್ನ ಬಿಡ್ರಿ, ಹಲಗೀದು ಹಚ್ಚಲೇನು ಪಟ್ಟೀದು ಹಚ್ಚಲೇನು?" ಎಂದು ಶಾಹೀದ ನಡುವೆ ಕೂಗಿದ. ತಾನು ತಂದ ಸ್ವೀಟು ಯಾರಿಗೆ ಕೊಡಬೇಕು ಎಂದು ಚೆನ್ನಯ ಕೂಗಿದರು. ಕೆಳಗಿನಿಂದ ಇಸ್ತ್ರಿಯವನು, ಫ್ಲ್ಯಾಟು ಇದೆಯೋ ಇಲ್ಲವೋ ಒಂದು ಹೇಳಿ ಎಂದು ಕೂಗಿದ. ಅಂಗಾರಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಇಷ್ಟು ಗದ್ದಲಕ್ಕೆ ಮಗಳು ಎದ್ದೇಬಿಟ್ಟಿರುತ್ತಾಳೆ, ಎಲ್ಲ ಮುಗಿಯಿತು ಎಂದು ಹೆದರಿ, ಪರದೆ ಸರಿಸಿ, ಕಿಟಕಿಯೊಳಗೆ ಹೆಗಲವರೆಗೆ ತಲೆ ತೂರಿಸಿದರು.

"ಮಗಾ! ನಿದ್ರೆ ಬಂತಾ?"

ಲಾವಣ್ಯಾ ಕಣ್ಣು ಬಿಟ್ಟಳು. "ಬಂದಿತ್ತು ಪಪ್ಪ. ಈಗ ಹೋಯ್ತು."

ಅವಳು ಎದ್ದು ಕೂತು, ತಂದೆಯ ಹೆಗಲ ಆಚೆಗೆ ಸೇರಿದ್ದ ಜಾತ್ರೆಯನ್ನು ನೋಡಿದಳು. ಏನು ನಡೆದಿದೆ ಎಂದು ವಸಂತಿ ಒಳಗಿನಿಂದಲೇ ಹೇಳಿದರು. ಕೇಳಿ ಅವಳು ಎರಡೂ ಕೈಗಳಿಂದ ತಲೆ ಹಿಡಿದುಕೊಂಡಳು.

"ಆಂಟಿ, ನಿಮ್ಮ ಮಿಕ್ಸಿಗೆ ನಾನು ಏಳುದೇ ಇಲ್ಲ. ಅಂಕಲ್, ನಿಮ್ಮ ಫೋನಿಗೂ ಇಲ್ಲ. ನಾನು ಹುಟ್ಟಿದ್ದೇ ಇಲ್ಲಿ ಅಲ್ವಾ ಯಾರ್! ಈಗ ಇಷ್ಟು ಜನ ಬೊಬ್ಬೆ ಹಾಕಿದ್ರಿ, ನಾನು ಆರಾಮ್ ಸೇ ಮಲಗಿದ್ದೆ. ನನ್ನನ್ನು ಎಬ್ಬಿಸುದು ಒಬ್ಬರೇ. ಡೈಲಿ ಮಧ್ಯಾಹ್ನ ತಲೆ ಒಳಗೆ ಹಾಕಿ ನಿದ್ರೆ ಬಂತಾ ಕೇಳ್ತಾರೆ. ಬಂತು ಅಂದ್ರೆ ಖುಷಿಯಲ್ಲಿ ಹೋಗ್ತಾರೆ. ಆಮೇಲೆ ಪುನಃ ಟೆನ್ಶನ್ ಆಗಿ ಬರ್ತಾರೆ. ಹೋಟೆಲಿಗೆ ಹೋದ ಮೇಲೆ ಫೋನ್ ಮಾಡ್ತಾರೆ, ಎದ್ದಿಲ್ಲ ಅಲ್ವಾ ಅಂತ!"

ಗ್ಯಾಲರಿಯೇ ನಕ್ಕಿತು. ಸಿದ್ದಲಿಂಗಪ್ಪ ಕಂಬ ಹಿಡಿದು ನಕ್ಕರು, ಚೆನ್ನಯ ಸ್ವೀಟಿನ ಡಬ್ಬಿಯನ್ನು ಶಾಹೀದನ ಕೈಗೆ ಕೊಟ್ಟು ನಕ್ಕರು. ಅಂಗಾರಣ್ಣ ಮಾತ್ರ ತಲೆ ಹೊರಗೆ ತೆಗೆಯಲಿಲ್ಲ. ಒಳಗೇ ಇಟ್ಟುಕೊಂಡು ಹೇಳಿದರು:

"ಮತ್ತೆ ನಾನು ನಿನ್ನನ್ನು ಯಾವಾಗ ನೋಡುದು ಮಗಾ? ನೀನು ಬರುವಾಗ ನಾನು ಗಲ್ಲಾದಲ್ಲಿ. ನಾನು ಬರುವಾಗ ನೀನು ನಿದ್ರೆಯಲ್ಲಿ. ರಾತ್ರಿ ಬಂದ್ರೆ ಬಾಗಿಲಲ್ಲಿ ನಿನ್ನ ಚಪ್ಪಲಿ ಸಹ ಇರುದಿಲ್ಲ. 'ಬಂತು ಪಪ್ಪ' ಅಂತ ಹೇಳ್ತೀಯಲ್ಲ, ಇಡೀ ದಿನಕ್ಕೆ ನನಗೆ ಸಿಗುದು ಅಷ್ಟೇ."

ನಗು ನಿಂತಿತು. ಲಾವಣ್ಯಾ ಹೊದಿಕೆಯ ಅಂಚನ್ನು ಮಡಚುತ್ತ ಕೂತಳು. ವಿನೋದಿನಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಅಂಗಾರಣ್ಣ ತಲೆ ಹೊರಗೆ ತೆಗೆದು ಶಾಹೀದನ ಕಡೆ ತಿರುಗಿದರು. "ಹಲಗೆದ್ದು ಹಾಕಿ ಶಾಹೀದ್ ಭಾಯ್. ಗಟ್ಟಿದ್ದು. ತಲೆ ಹೋಗ್ಬಾರದು." ಹುಟ್ಟಿದಂದಿನಿಂದ ಆ ಮನುಷ್ಯ ಯಾರನ್ನೂ ಕೇಳದೆ ಮಾಡಿದ ಮೊದಲ ಆಯ್ಕೆ ಅದು.

"ಹಲಗೆದ್ದು ಬೇಡ. ಪಟ್ಟಿದ್ದು ಹಾಕಿ, ಭಯ್ಯಾ. ಚಿಲಕ ಒಳಗೆ" ಎಂದಳು ಲಾವಣ್ಯಾ. ಪೀಜಿಯ ಮಾತನ್ನು ಅವಳು ಎತ್ತಲಿಲ್ಲ. ಕೇಳುವ ಧೈರ್ಯ ಅಂಗಾರಣ್ಣನಿಗೆ ಬರಲಿಲ್ಲ, ನಮಗೂ ಬರಲಿಲ್ಲ.

ಶಾಹೀದ ಸ್ವೀಟು ತಿನ್ನುತ್ತ ಎರಡು ಬಾಗಿಲಿನ ಪಟ್ಟಿಯ ಶಟರು ಹಚ್ಚಿದ. ಟೊಳ್ಳು ಚೌಕಟ್ಟಿಗೆ ಸದ್ಯಕ್ಕೆ ಎರಡು ಮರದ ತುಂಡು ಬಡಿದು, ಬರುವ ವಾರ ಹೊಸದು ಮಾಡಿಕೊಡುತ್ತೇನೆಂದು ಹೇಳಿ ಹೋದ. ಲಾವಣ್ಯಾ ಎರಡೂ ಬಾಗಿಲುಗಳನ್ನು ಎಳೆದುಕೊಂಡು, ಪಟ್ಟಿಗಳನ್ನು ಇಳಿಸಿ, ಒಳಗಿನಿಂದ ಚಿಲಕ ಹಾಕಿದಳು. ನಮ್ಮ ಚಾಳಿನಲ್ಲಿ ಹಾಡುಹಗಲೇ ಮುಚ್ಚಿದ ಕಿಟಕಿ ಅದೊಂದೇ. ಅದರ ಮುಂದೆ ಎಲ್ಲರೂ ಬೆರಳ ತುದಿಯಲ್ಲಿ ನಡೆಯತೊಡಗಿದರು. ಸಿದ್ದಲಿಂಗಪ್ಪ ತಮ್ಮನ ಜೊತೆ ಮಾತಾಡಲು ರಸ್ತೆಗೆ ಇಳಿದರು. ವಿನೋದಿನಿ ಮಿಕ್ಸಿ ಬಿಟ್ಟು ಒರಳು ತೆಗೆದರು, ಅದರ ಸದ್ದು ಮಿಕ್ಸಿಗಿಂತ ಜೋರಾಗಿದ್ದರೂ ಯಾರೂ ಹೇಳಲಿಲ್ಲ.

ಅಂಗಾರಣ್ಣ ಕಿಟಕಿಯ ಕೆಳಗೆ ಒಂದು ಸ್ಟೂಲ್ ಹಾಕಿಕೊಂಡು ಕೂತರು. ಬಾಯಿ ಬಿಡುವುದಿಲ್ಲ, ಸುಮ್ಮನೆ ಕೂತಿರುತ್ತೇನೆ ಎಂದು ವಿನೋದಿನಿಯ ಮುಂದೆ ಆಣೆ ಮಾಡಿದರು. ಎರಡು ಸಲ ಕೈ ಶಟರಿನ ಕಡೆ ಹೋಯಿತು, ಎರಡು ಸಲವೂ ವಿನೋದಿನಿ ಕಣ್ಣು ದೊಡ್ಡದು ಮಾಡಿದರು. ಮೂರನೆಯ ಸಲ ಕೈ ಅರ್ಧಕ್ಕೆ ಏರಿ ತೊಡೆಯ ಮೇಲೆ ಬಿತ್ತು. ಮಗಳ ರಾತ್ರಿ ಪಾಳಿ ಶುರುವಾದಂದಿನಿಂದ ಆಕೆಯ ಕಾರು ತಲುಪಿತೋ ಇಲ್ಲವೋ ಎಂದು ಅವರೂ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ತಲೆ ವಾಲಿ ಶಟರಿನ ಒಂದು ಬಾಗಿಲಿಗೆ ಆನಿಕೊಂಡಿತು, ಬಾಯಿ ತೆರೆಯಿತು, ಗೊರಕೆ ಶುರುವಾಯಿತು.

ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಒಂದು ಪಟ್ಟಿ ಮೇಲೆದ್ದಿತು. ಅಲ್ಲಿ ಲಾವಣ್ಯಾಳ ಕಣ್ಣು ಕಾಣಿಸಿತು. ಗೊರಕೆ ಅವಳನ್ನು ಎಬ್ಬಿಸಿತೋ, ಅವಳು ಮಲಗಿಯೇ ಇರಲಿಲ್ಲವೋ ನಮಗೆ ಗೊತ್ತಿಲ್ಲ. ನಾವೆಲ್ಲ ಒಟ್ಟಿಗೆ ತುಟಿಗೆ ಬೆರಳಿಟ್ಟು ಅವಳಿಗೆ ಸನ್ನೆ ಮಾಡಿದೆವು. ತಂದೆ ಒರಗದಿದ್ದ ಬಾಗಿಲಿನ ಚಿಲಕ ತೆಗೆದು ಅವಳು ಅದನ್ನು ಮೆಲ್ಲಗೆ ತೆರೆದಳು. ಆಗಲೇ ಅಂಗಾರಣ್ಣನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಲಾವಣ್ಯಾ ಬಾಗಿ ಅದನ್ನು ಹೊರತೆಗೆದಳು. ಹೋಟೆಲಿನ ಧಣಿಗಳು.

"ಅಂಕಲ್, ಪಪ್ಪ ಮಲಗಿದ್ದಾರೆ" ಎಂದಳು ಪಿಸುದನಿಯಲ್ಲಿ.

ಧಣಿಗಳು ಕೂಗಿದ್ದು ನಮಗೂ ಕೇಳಿಸಿತು. "ಮಲಗಿದ್ದಾನಾ? ಇಲ್ಲಿ ಗಲ್ಲಾ ಯಾರು ನೋಡುದು? ಎಬ್ಬಿಸು ಅವನನ್ನು!"

"ಎಬ್ಬಿಸುದಿಲ್ಲ ಅಂಕಲ್. ಇವತ್ತು ನೀವೇ ಕೂತ್ಕೊಳ್ಳಿ" ಎಂದು ಅವಳು ಫೋನು ಆರಿಸಿಬಿಟ್ಟಳು.

ಆಮೇಲೆ ತನ್ನ ಫೋನು ತೆಗೆದು ಗೆಳತಿಯ ಜೊತೆ ಅದೇ ಪಿಸುದನಿಯಲ್ಲಿ ಮಾತಾಡಿದಳು. "ಸುನ್, ವೋ ಬೆಡ್ ಕಿಸೀ ಔರ್ ಕೋ ದೇ ದೇ. ನಹೀಂ, ಮೈ ನಹೀಂ ಆ ರಹೀ." ತಾನು ಬರುವುದಿಲ್ಲ, ಬೆಡ್ ಬೇರೆಯವರಿಗೆ ಕೊಡು ಎಂದದ್ದಕ್ಕೆ ಆಚೆಯವಳು ಕಾರಣ ಕೇಳಿರಬೇಕು. ಲಾವಣ್ಯಾ ತಂದೆಯ ಕಡೆ ನೋಡಿದಳು. "ಘರ್ ಮೇ ಶಟರ್ ಲಗ್ ಗಯಾ" ಎಂದಳು, ಮನೆಗೆ ಶಟರ್ ಹಾಕಿಸಿದ್ದೇ ಕಾರಣವೆಂಬಂತೆ.

ವಿನೋದಿನಿ ಒರಳು ನಿಲ್ಲಿಸಿ ನನ್ನ ಕಡೆ ನೋಡಿದರು, ನಾನು ಬೇರೆ ಕಡೆ ನೋಡಿದೆ. ಡ್ಯೂಟಿಗೆ ಇನ್ನೂ ಹೊತ್ತಿತ್ತು. ಲಾವಣ್ಯಾ ಮತ್ತೆ ಮಲಗಲಿಲ್ಲ. ತಂದೆ ಒರಗಿದ್ದ ಬಾಗಿಲು ಅವರ ಭಾರಕ್ಕೆ ಜಾರದ ಹಾಗೆ ಒಳಗಿನಿಂದ ಅದನ್ನು ಹಿಡಿದುಕೊಂಡು, ಅವರು ತಾವಾಗಿ ಏಳುವವರೆಗೂ ಕಿಟಕಿಯಲ್ಲೇ ಕೂತಿದ್ದಳು.